ಬಾಲ್ ಮುರಿಯದ ಮೂಗು

ಕೊಡಗಿನಲ್ಲಿ ಯಾರ ಮೂಗಾದರೂ ಸ್ವಲ್ಪ ಸೊಟ್ಟ ಕಂಡರೆ ಜನ ಕೇಳುವುದು ಒಂದೇ ಪ್ರಶ್ನೆ: ಹಾಕಿ ಆಡುವಾಗ ಆದದ್ದಾ? ಉತ್ತರಕ್ಕೂ ಕಾಯುವುದಿಲ್ಲ. ಕಳೆದ ವರ್ಷ ಗೋಣಿಕೊಪ್ಪಲಿನ ಮೆಡಿಕಲ್ ಶಾಪಿನಲ್ಲಿ ಮೂಗಿಗೆ ಬಿಡುವ ಡ್ರಾಪ್ಸ್ ಕೇಳಿದೆ. ಅಂಗಡಿಯವನು ಬಾಟ್ಲಿ ತೆಗೆದುಕೊಡುತ್ತಾ, "ಬಾಲ್ ತಾಗಿದ ಮೂಗಲ್ವಾ ಟೀಚರೇ, ವಯಸ್ಸಾದ ಮೇಲೆ ಅದ್ರ ಬುದ್ಧಿ ತೋರಿಸ್ತದೆ" ಎಂದ. ಪಕ್ಕದಲ್ಲಿ ನಿಂತಿದ್ದ ಇಬ್ಬರು ಹೌದೆಂದು ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು. ಆ ಬಾಲು ಏನೂ ಮಾಡಿರಲಿಲ್ಲ. ಮಾಡದ ತಪ್ಪಿಗೆ ಮೂವತ್ತೊಂದು ವರ್ಷದಿಂದ ಬೈಸಿಕೊಳ್ಳುತ್ತಿದೆ.

ನನ್ನ ಮೂಗು ಮುರಿದದ್ದು ಡಾಕ್ಟರು. ಕರೆದುಕೊಂಡು ಹೋಗಿ ಮುರಿಸಿದ್ದು ಅವ್ವ. ಒಪ್ಪಿ ಮಲಗಿದ್ದು ನಾನು. ಆಗ ನನಗೆ ಇಪ್ಪತ್ತಮೂರು. ಅಪ್ಪನ ಮೂಗೇ ನನಗೆ ಬಂದಿತ್ತು, ನಡುವೆ ಉಬ್ಬಿ ಕೆಳಗೆ ಚೂಪಾಗಿ ಇಳಿಯುವಂಥದ್ದು. ಅದೇ ಮೂಗು ಅಪ್ಪನ ಮುಖದಲ್ಲಿದ್ದರೆ ಊರಿನವರಿಗೆ ಗಾಂಭೀರ್ಯ, ನನ್ನ ಮುಖದಲ್ಲಿದ್ದರೆ ಕೊರತೆ. ಹೆಣ್ಣು ನೋಡಲು ಬಂದವರು ನಮ್ಮ ಮನೆಯ ಕೋಳಿಸಾರು ಚಪ್ಪರಿಸಿ ತಿಂದು, ಕೈ ತೊಳೆದು ಹೋದ ಮೇಲೆ, ಹುಡುಗಿ ಒಳ್ಳೆಯವಳೇ, ಮೂಗೊಂದು ಗಂಡಸಿನ ಹಾಗಿದೆ ಎಂದು ಹೇಳಿ ಕಳುಹಿಸಿದರು. ಆ ಹುಡುಗನ ಕಿವಿಗಳು ಮೊರದಗಲ ಇದ್ದವು. ಅವನ್ನು ಕತ್ತರಿಸಿಕೊಂಡು ಬಾ ಎಂದು ನಮ್ಮ ಕಡೆಯಿಂದ ಯಾರೂ ಹೇಳಿ ಕಳುಹಿಸಲಿಲ್ಲ.

ಬೆಂಗಳೂರಿನ ಡಾಕ್ಟರು ನನ್ನ ಫೋಟೋದ ಮೇಲೆ ಪೆನ್ನಿನಿಂದ ಗೆರೆ ಎಳೆದು, ಇಷ್ಟು ತೆಗೆದರೆ ಸಾಕು, ಜೀವಮಾನ ಪೂರ್ತಿ ಹೀಗೇ ಇರುತ್ತದೆ ಎಂದರು. ಅವ್ವನಿಗೆ ಒಂದೇ ಚಿಂತೆ, ಊರಿಗೆ ಏನು ಹೇಳುವುದು. ಚೆಂದಕ್ಕಾಗಿ ಮೂಗು ಕೊಯ್ಯಿಸಿಕೊಂಡಳು ಎಂದು ಗೊತ್ತಾದರೆ ಆಮೇಲೆ ಬರುವ ಸಂಬಂಧವೂ ಬರುವುದಿಲ್ಲ. ಆಗ ಅವಳಿಗೆ ನೆನಪಾದದ್ದು ಎರಡು ವಾರದ ಹಿಂದಿನ ಒಂದು ಸಣ್ಣ ಸಂಗತಿ.

ನಾನು ಕಾಲೇಜು ಟೀಮಿನಲ್ಲಿ ಫುಲ್‌ಬ್ಯಾಕ್. ಕಕ್ಕಬೆಯ ಒಬ್ಬಳು ಕೊಡವ ಹುಡುಗಿ ಫಾರ್ವರ್ಡ್, ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು. ಅವಳು ಹೊಡೆದರೆ ಬಾಲ್ ಕಣ್ಣಿಗೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಪ್ರಾಕ್ಟೀಸಿನಲ್ಲಿ ಅವಳು ಹೊಡೆದ ಬಾಲ್ ನನ್ನ ಸ್ಟಿಕ್ಕಿಗೆ ಬಡಿದು ಮೇಲೆದ್ದು ಮೂಗಿನ ತುದಿಯನ್ನು ಸವರಿಕೊಂಡು ಹೋಗಿತ್ತು. ಎರಡು ಹನಿ ರಕ್ತ. ನಲ್ಲಿಯ ಕೆಳಗೆ ಮುಖವಿಟ್ಟು ತೊಳೆದುಕೊಂಡು ಮತ್ತೆ ಆಡಿದೆ. ಸಂಜೆಗೆ ಊತವೂ ಇಳಿದಿತ್ತು.

"ಬಾಲ್ ತಾಗಿತ್ ಹೇಳಿರೆ ಆತ್," ಎಂದಳು ಅವ್ವ, ನಮ್ಮ ಅರೆಭಾಷೆಯಲ್ಲಿ. "ಯಾರೂ ಎಂತದೂ ಕೇಳ್ದುಲೆ."

ಯಾರೂ ಕೇಳಲೂ ಇಲ್ಲ. ಬೇರೆ ಊರಾಗಿದ್ದರೆ ಹೆಣ್ಣುಮಗಳ ಮೂಗಿಗೆ ಬಾಲ್ ಎಲ್ಲಿಂದ ಬಂತು ಎಂದಾದರೂ ಕೇಳುತ್ತಿದ್ದರು. ನಮ್ಮಲ್ಲಿ ಅದು ಜ್ವರ ಬಂದಷ್ಟು ಸಹಜ. ಕಿತ್ತಳೆ, ಬಿಸ್ಕತ್ತು ಹಿಡಿದುಕೊಂಡು ನೋಡಲು ಬಂದವರೆಲ್ಲ ಕೇಳಿದ್ದು ಹೊಡೆದದ್ದು ಯಾರು ಎಂದಷ್ಟೇ. ಅವ್ವ ಹೆಸರು ಹೇಳಿದಳು, ಒಳಗೆ ಮೂಳೆ ಬಿರುಕು ಬಿಟ್ಟದ್ದು ತಡವಾಗಿ ಗೊತ್ತಾಯಿತು ಎಂದೂ ಸೇರಿಸಿದಳು. ಪಕ್ಕದಲ್ಲೇ ಮಲಗಿದ್ದ ನಾನು ಬಾಯಿ ಬಿಡಲಿಲ್ಲ.

ಗೆಳತಿಯೂ ಬಂದಳು. ನನ್ನ ಮುಖದ ಪ್ಲಾಸ್ಟರ್ ನೋಡಿ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತಳು. ನಾನು, "ಹೋಗ್ಲಿ ಬಿಡು, ಬೇಕೂಂತ ಮಾಡಿದ್ದಲ್ವಲ್ಲ" ಎಂದೆ. ಕ್ಷಮಿಸಿಬಿಟ್ಟೆ! ನನ್ನ ದೊಡ್ಡತನ ನೋಡಿ.

ಅವಳು ಮತ್ತೆ ಗ್ರೌಂಡಿಗೆ ಬರಲಿಲ್ಲ. ರಾಜ್ಯದ ಕ್ಯಾಂಪಿಗೆ ನಮ್ಮ ಕಾಲೇಜಿನಿಂದ ಆಯ್ಕೆಯಾದವಳು ಅವಳೊಬ್ಬಳೇ, ಅದಕ್ಕೂ ಹೋಗಲಿಲ್ಲ. ವರ್ಷದೊಳಗೆ ಅವಳಿಗೆ ಕಕ್ಕಬೆಯಲ್ಲೇ ಮದುವೆಯಾಯಿತು. ಮದುವೆಯಾದ್ದರಿಂದ ಆಟ ಬಿಟ್ಟಳು ಎಂದು ನನಗೆ ನಾನೇ ಹೇಳಿಕೊಂಡೆ. ಬಿಟ್ಟದ್ದು ಮೊದಲು, ಮದುವೆ ಆಮೇಲೆ ಎಂಬ ಲೆಕ್ಕ ನನಗೆ ಬಾರದ್ದೇನಲ್ಲ. ನಾನು ಹೈಸ್ಕೂಲಿಗೆ ಪಿ.ಟಿ. ಟೀಚರಾದೆ. ಬಾಲ್ ತಿಂದೂ ಆಟ ಬಿಡದ ಟೀಚರ್ ಎಂದು ಮಕ್ಕಳು ಕಣ್ಣರಳಿಸಿ ನೋಡುತ್ತಿದ್ದರು. ನನ್ನ ಗಂಡ ಇವತ್ತಿಗೂ ನೆಂಟರೆದುರು ಆ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ.

ಆ ಹೊಸ ಮೂಗು ನನಗೆ ಇಷ್ಟವಿರಲಿಲ್ಲ ಎಂದರೆ ಇನ್ನೊಂದು ಸುಳ್ಳು. ಹದಿನೈದು ವರ್ಷ ಅದನ್ನು ಸಿಕ್ಕಿದ ಕನ್ನಡಿಯಲ್ಲೆಲ್ಲ ನೋಡಿಕೊಂಡಿದ್ದೇನೆ, ನಿಂತ ಜೀಪಿನ ಕನ್ನಡಿಯನ್ನೂ ಬಿಡದೆ. ನಲವತ್ತರ ಹೊತ್ತಿಗೆ ತುದಿ ಕೆಳಗೆ ಜಗ್ಗತೊಡಗಿತು. ಚರ್ಮ ತೆಳ್ಳಗಾದ ಹಾಗೆ, ಅಂದು ಕಡಿದ ಮೂಳೆಯ ಅಂಚು ಒಂದು ಬದಿಯಲ್ಲಿ ಎದ್ದು ಕಾಣತೊಡಗಿತು. ಐವತ್ತು ದಾಟಿದ ಮೇಲೆ, ಜೋರಾಗಿ ಉಸಿರೆಳೆದರೆ ಎಡಗಡೆಯ ಹೊಳ್ಳೆ ಒಳಗೆ ಅಂಟಿಕೊಂಡುಬಿಡುತ್ತದೆ. ಮಕ್ಕಳ ಜೊತೆ ಗ್ರೌಂಡ್ ಒಂದು ಸುತ್ತು ಓಡಿದರೆ ಬಾಯಿ ತೆರೆದು ಏದುಸಿರು ಬಿಡುತ್ತೇನೆ.

ಮೈಸೂರಿನಲ್ಲಿ ಮೂಗಿನ ಡಾಕ್ಟರಿಗೆ ತೋರಿಸಿದೆ. ನನ್ನ ಮಗನ ವಯಸ್ಸಿನವರು. ಒಳಗೆ ಲೈಟ್ ಬಿಟ್ಟು ನೋಡಿ, "ಆ ಕಾಲದಲ್ಲಿ ತುಂಬಾ ಕಡಿದುಬಿಡ್ತಿದ್ರು ಮೇಡಂ. ವಯಸ್ಸಾದ ಹಾಗೆ ಎಲ್ಲರ ಮೂಗೂ ಸ್ವಲ್ಪ ಇಳಿಯುತ್ತೆ. ನಿಮ್ಮದಕ್ಕೆ ಒಳಗೆ ಆಧಾರವೇ ಉಳಿದಿಲ್ಲ" ಎಂದರು. ಬೇಕಾದರೆ ಪಕ್ಕೆಲುಬಿನ ಮೆದುಮೂಳೆ ತೆಗೆದು ಆಧಾರ ಕೊಡಬಹುದಂತೆ. ಜೀವಮಾನ ಪೂರ್ತಿ ಎಂದಿದ್ದರಲ್ಲ ಎಂದೆ. ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಪ್ಪ ಎಂಬತ್ತೆರಡರವರೆಗೆ ಆ ಗಂಡುಮೂಗಿನಲ್ಲೇ ಧಾರಾಳವಾಗಿ ಉಸಿರಾಡಿದರು. ನನ್ನ ಪಾಲಿಗೂ ಅಂಥದ್ದೊಂದು ಬಂದಿತ್ತು. ಕಿವಿ ಅಗಲದ ಯಾವನೋ ಒಬ್ಬನ ಮನೆಯವರಿಗೆ ಹಿಡಿಸಲಿಲ್ಲ ಎಂದು ಕೊಯ್ದು ಎಸೆದರು. ಆ ಸಂಬಂಧವಾದರೂ ಕೂಡಿಬಂತೇ? ಅದೂ ಇಲ್ಲ.

ನಾನು ಮೈಸೂರಿಗೆ ಹೋಗಿಬಂದ ಸುದ್ದಿ ಕಕ್ಕಬೆಗೆ ಮುಟ್ಟಿತು. ಒಂದು ಭಾನುವಾರ ಬೆಳಿಗ್ಗೆ ಗೆಳತಿ ಮನೆಗೇ ಬಂದಳು. ಮದುವೆ, ತಿಥಿಗಳಲ್ಲಿ ಎದುರಾದಾಗ ನಾಲ್ಕು ಮಾತಾಡುತ್ತಿದ್ದೆವು, ಅಷ್ಟೇ. ಏಲಕ್ಕಿಯ ಪೊಟ್ಟಣ ಮೇಜಿನ ಮೇಲಿಟ್ಟು, ನನ್ನ ಮೂಗನ್ನೇ ನೋಡಿ ಮುಖ ತಿರುಗಿಸಿದಳು.

"ಆಪರೇಷನ್‌ಗೆ ನಾನೂ ಬರ್ತೇನೆ," ಎಂದಳು. "ಆಸ್ಪತ್ರೆಲಿ ನಿನ್ನೊಟ್ಟಿಗೆ ನಾನೇ ನಿಲ್ತೇನೆ. ನನ್ನ ಕೈಯಿಂದ ಆದದ್ದು. ಮತ್ಯಾರು ನಿಲ್ಲೋದು?"

"ಅದೆಲ್ಲ ಎಂತಕ್ಕೆ ಮಾರಾಯ್ತಿ" ಎಂದೆ. ಆಗಲೂ ಅಷ್ಟರಲ್ಲೇ ಮುಗಿಸಲು ನೋಡಿದೆ.

"ನಿಂಗೆ ಗೊತ್ತಿಲ್ಲ. ಆಮೇಲೆ ನಾನು ಸ್ಟಿಕ್ ಮುಟ್ಲಿಲ್ಲ. ಮಗಳು ಹದಿನಾಲ್ಕು ವರ್ಷಕ್ಕೆ ಸ್ಕೂಲ್ ಟೀಮಿಗೆ ಸೆಲೆಕ್ಟ್ ಆದ್ಲು. ನನ್ನಿಂದ ಚೆಂದ ಆಡ್ತಿದ್ಲು. ಅವ್ಳ ಸ್ಟಿಕ್ಕನ್ನ ಬಚ್ಚಲ ಒಲೆಗೆ ಹಾಕಿದೆ. ಇನ್ನೊಬ್ರ ಮಗಳ ಮುಖ ಅವ್ಳ ಕೈಯಿಂದ ಹಾಳಾಗೋದು ಬೇಡ ಅಂತ. ಎರಡು ದಿವಸ ಅವ್ಳು ಊಟ ಮಾಡ್ಲಿಲ್ಲ."

ಹೇಳಿದೆ. ಕೋಳಿಸಾರಿನಿಂದ ಹಿಡಿದು ಪ್ಲಾಸ್ಟರಿನವರೆಗೆ, ಒಂದನ್ನೂ ಬಿಡದೆ ಹೇಳಿದೆ. ಹೇಳುತ್ತ ಹೇಳುತ್ತ ಅವ್ವನನ್ನು ಬೈದೆ, ಹೆಣ್ಣು ನೋಡಲು ಬಂದವರನ್ನು ಬೈದೆ, ಡಾಕ್ಟರನ್ನು ಬೈದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಹಾಗಾದ್ರೆ ನಾನು ಹೊಡೆದದ್ದು ಎಲ್ಲಿಗೆ ತಾಗಿದ್ದು?"

"ತುದಿಗೆ. ಸಂಜೆಗೆ ಸರಿಯಾಗಿತ್ತು."

"ಇದು ಯಾರಿಗೆಲ್ಲ ಗೊತ್ತಿತ್ತು?"

"ಅವ್ವನಿಗೆ, ಅಪ್ಪನಿಗೆ. ನಂಗೆ."

"ಅವರಿಬ್ರೂ ಹೋಗಿ ಎಷ್ಟು ವರ್ಷ ಆಯ್ತು?"

ಅಪ್ಪ ತೀರಿಕೊಂಡು ಹನ್ನೊಂದು ವರ್ಷ, ಅವ್ವ ಅದಕ್ಕೂ ಮುಂಚೆ. ಹನ್ನೊಂದು ಎಂದೆ. ಅಷ್ಟು ವರ್ಷದಿಂದ ನನ್ನ ಬಾಯಿ ಕಟ್ಟುವವರು ಯಾರೂ ಇರಲಿಲ್ಲ. ಅಷ್ಟು ಹೊತ್ತು ಊರವರ ಮೇಲೆಲ್ಲ ಹಾರಾಡುತ್ತಿದ್ದ ನನ್ನ ಸಿಟ್ಟಿಗೆ ಹೋಗಲು ಬೇರೆ ಜಾಗ ಉಳಿಯಲಿಲ್ಲ.

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಬ್ಯಾಗಿನಿಂದ ಮೊಬೈಲ್ ತೆಗೆದು, ವಿರಾಜಪೇಟೆಯ ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳಿಗೆ ಫೋನ್ ಹಾಕಿದಳು. "ಒಬ್ರು ನಿನ್ನತ್ರ ಮಾತಾಡ್ಲಿಕ್ಕುಂಟು" ಎಂದು ಹೇಳಿ ನನ್ನ ಕೈಗೆ ಕೊಟ್ಟಳು.

ಎದ್ದು ನಿಂತೇ ಮಾತಾಡಿದೆ. ನಿನ್ನ ಅಮ್ಮನಿಂದ ನನ್ನ ಮೂಗಿಗೆ ಏನೂ ಆಗಿಲ್ಲ, ಅಮ್ಮ ಯಾರ ಮುಖವನ್ನೂ ಹಾಳು ಮಾಡಿಲ್ಲ, ನಿನ್ನ ಸ್ಟಿಕ್ ಸುಟ್ಟದ್ದು ನನ್ನ ಸುಳ್ಳಿನಿಂದ ಎಂದು ಹೇಳಿದೆ. ಲೈನ್ ಕಟ್ಟಾಯಿತೇನೋ ಎಂದು ಹಲೋ ಎಂದೆ.

"ಕೇಳಿಸ್ತಾ ಉಂಟು ಆಂಟಿ," ಎಂದಳು ಅವಳು. "ನಂಗೀಗ ಇಪ್ಪತ್ತೊಂಬತ್ತು."