ಶುಕ್ರವಾರ ಸೀಯುವ ಓವನ್

ಶುಕ್ರವಾರ ಓವನ್ನಿನ ಬಾಗಿಲು ತೆರೆದರೆ ಹಪ್ಪಳ ಸೀದ ವಾಸನೆ.

ಒಳಗಿದ್ದದ್ದು ಹಪ್ಪಳವಲ್ಲ. ಚಿನ್ನದ ಗಣಿಯ ಅದಿರಿನ ಪುಡಿ, ಕಾಗದದ ಪೊಟ್ಟಣಗಳಲ್ಲಿ. ಅದನ್ನು ನೂರೈದು ಡಿಗ್ರಿಯಲ್ಲಿ ಒಣಗಿಸಿ ತೂಗುವುದು ಲ್ಯಾಬಿನಲ್ಲಿ ನನ್ನ ಕೆಲಸ. ಪೊಟ್ಟಣಗಳೆಲ್ಲ ಕಪ್ಪಾಗಿ, ಮೇಲೆ ಬರೆದ ನಂಬರುಗಳು ಮಾಯ. ಯಾವ ಪುಡಿ ಯಾವ ಸುರಂಗದ್ದು? ದೇವರಿಗೇ ಗೊತ್ತು.

ಐವತ್ತರ ದಶಕದ ಕೊನೆ ಇರಬೇಕು. (ಅರವತ್ತರ ಮೊದಲು ಎಂದು ಯಾರಾದರೂ ವಾದಿಸಿದರೆ ಒಪ್ಪಿಕೊಳ್ಳುತ್ತೇನೆ.) ನಾನಿನ್ನೂ ಪ್ರೊಬೇಷನ್ನಿನಲ್ಲಿದ್ದೆ. ನಮ್ಮ ಮಾವನವರು ಮಾತ್ರ ಅಳಿಯ ಪರ್ಮನೆಂಟ್ ಆದನೆಂದು ಇಡೀ ಬಂಗಾರಪೇಟೆಗೆ ಸಾರಿಬಿಟ್ಟಿದ್ದರು. ಲ್ಯಾಬಿನ ಸಾಹೇಬರು ಅಳೆಯಲಾಗದ್ದನ್ನು ನಂಬದ ಮನುಷ್ಯ. ಎರಡನೇ ಶುಕ್ರವಾರ ಸುಟ್ಟ ಪೊಟ್ಟಣ ಮೂಸಿ, ಇನ್ನೊಂದು ಸಲ ಹೀಗಾದರೆ ಮತ್ತೆ ಕೆಲಸಕ್ಕೆಂದು ಊರಿಗಾಂ ಸ್ಟೇಷನ್ನಿನಲ್ಲಿ ರೈಲು ಇಳಿಯುವ ಕಷ್ಟ ನಿಮಗೆ ಬೇಡ ಎಂದರು.

ಥರ್ಮೋಸ್ಟಾಟ್ ಬಿಚ್ಚಿದೆ. ಸರಿಯಿತ್ತು. ಕಾಯಿಲ್ ನೋಡಿದೆ, ಬಾಗಿಲಿನ ಸಂದಿ ನೋಡಿದೆ. ಕೊನೆಗೆ ವೋಲ್ಟೇಜನ್ನು ಬೈದೆ. (ಏನೂ ಸಿಗದಾಗ ಎಲ್ಲರೂ ಮಾಡುವುದು ಅದನ್ನೇ.)

ಮೂರನೇ ಶುಕ್ರವಾರ ಓವನ್ನಿನ ಥರ್ಮಾಮೀಟರ್ ಎಂಬತ್ತು ಡಿಗ್ರಿಗೇ ಹಟ ಹಿಡಿದು ಕೂತಿತು. ನೂರೈದು ತೋರಿಸುವವರೆಗೆ ನಾನು ಗುಂಡಿ ತಿರುಗಿಸಿದೆ. ಪೊಟ್ಟಣ ಇಡುವ ಮುಂಚೆ ಅದೇನು ತೋಚಿತೋ, ಇನ್ನೊಂದು ಥರ್ಮಾಮೀಟರನ್ನು ಒಳಗಿನ ತಟ್ಟೆಯ ಮೇಲಿಟ್ಟೆ. ಅದು ತೋರಿಸಿದ್ದು ಇನ್ನೂರು!

(ಹೀಗೆ ಬರೆದರೆ ನಾನು ಬುದ್ಧಿವಂತನಂತೆ ಕಾಣುತ್ತೇನೆ. ಭಯಕ್ಕೆ ಏನೇನೋ ಮಾಡುತ್ತಿದ್ದೆ, ಅದರಲ್ಲಿ ಇದೂ ಒಂದು.)

ಓವನ್ನಿನ ನೆತ್ತಿಯ ತೂತಿಗೆ ಸಿಕ್ಕಿಸಿದ್ದ ಹಳೆಯ ಥರ್ಮಾಮೀಟರನ್ನು ಎಳೆದೆ. ಅದರ ಕಾರ್ಕಿನ ಕೆಳಗೆ, ಕೊಡ ಹೊರುವವರ ತಲೆಯ ಸಿಂಬೆಯಂತೆ, ಒಂದು ಮೊಳ ಕನಕಾಂಬರ. ಹೂವಿನ ಮೇಲೆ ಕೂತ ಥರ್ಮಾಮೀಟರ್ ಒಳಗಿನ ಶಾಖಕ್ಕೆ ಇಳಿಯದೆ, ತೂತಿನ ಬಾಯಲ್ಲೇ ನಿಂತು ಸುಳ್ಳು ಹೇಳುತ್ತಿತ್ತು. ಅದನ್ನು ನಂಬಿ ಒಲೆ ಉರಿಸಿದವನು ನಾನು.

ಅಟೆಂಡರ್ ಮುನಿವೆಂಕಟಪ್ಪನನ್ನು ಕರೆದೆ. ಶುಕ್ರವಾರ ಬೆಳಿಗ್ಗೆ ಓವನ್ನಿಗೆ ಪೂಜೆ ಮಾಡಿ, ಶನಿವಾರ ಹೂವು ತೆಗೆಯುತ್ತಿದ್ದವನು ಅವನೇ.

"ಯಾರಪ್ಪ ನಿನಗೆ ಇದನ್ನ ಹೇಳಿದ್ದು?"

"ನೀವೇ ಅಲ್ವಾ ಸಾಮಿ ಏಳಿದ್ದು? ಪೆಟ್ಗೆಗೆ ಒಸಿ ಊವ ಮುಡ್ಸು, ಕೆಲ್ಸ ಪರ್ಮನೆಂಟ್ ಆಗ್ಲಿ ಅಂದ್ರಿ. ಬಾಗ್ಲಲ್ಲಿ ಊವ ನಿಲ್ಲಾಕಿಲ್ಲ. ಕತ್ತು ಅಂತ ಇರೋದು ಆ ಗಾಜಿನ ಕಡ್ಡೀಗೊಂದೇ."

ನಾನು ಹೇಳಿದ್ದೆನೇ? ಖಂಡಿತ ಇಲ್ಲ. ಮಧ್ಯಾಹ್ನದ ಹೊತ್ತಿಗೆ, ಹೇಳಿದ್ದಿರಬಹುದು. ಸಂಜೆಗೆ, ಹೂವಿಗೆ ಕಾಸು ಕೊಟ್ಟದ್ದೂ ನೆನಪಾಯಿತು.

ಮುನಿವೆಂಕಟಪ್ಪನ ಹೆಸರು ಹೇಳಿದ್ದರೆ ನಾನು ಪಾರು. ಹೇಳಲಿಲ್ಲ. ನನ್ನ ಒಳ್ಳೆಯತನ ಎಂದು ನೆನಪು ಹೇಳುತ್ತದೆ. ಅವನು ನನ್ನ ಪಕ್ಕದಲ್ಲೇ ನಿಂತಿದ್ದ ಎಂಬುದೂ ಅಷ್ಟೇ ನಿಜ. ಪೂಜೆ ನನ್ನದೇ, ತಪ್ಪೂ ನನ್ನದೇ ಎಂದು ಸಾಹೇಬರಿಗೆ ಒಪ್ಪಿಸಿದೆ.

ಅವರು ಎದ್ದು ಬಂದರು. ಬಾಡಿದ ಹೂವು ನೋಡಿದರು, ತೂತು ನೋಡಿದರು, ನನ್ನನ್ನೂ ನೋಡಿದರು. ಕನ್ನಡಕ ಒರೆಸಿಕೊಂಡರು.

"ಬಾಗಿಲಿಗೊಂದು ಮೊಳೆ ಹೊಡೆಸಿ. ಹೂವು ಅಲ್ಲಿ ಹಾಕಲಿ."

ನನ್ನ ಕೆಲಸ ಪರ್ಮನೆಂಟ್ ಆಯಿತು. ಅದಿರಲಿ, ಪೂಜೆ ನಿಲ್ಲಿಸಿ ಎನ್ನಲು ಅಂಥ ಸಾಹೇಬರಿಗೂ ಧೈರ್ಯ ಬರಲಿಲ್ಲ, ನಿಮಗೆ ಬರುತ್ತಿತ್ತೇ?