ಜಂಪರ್ ಬಟ್ಟೆಯ ಮೇಲೆ ಮನಾಮಾ ಬಂದರು

ಸುರಪುರದ ಪದವಿ ಕಾಲೇಜೊಂದರಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ಮನೆ ಶಹಾಪುರದಲ್ಲಿ, ದಿನಾ ಬಸ್ಸಿನ ಓಡಾಟ. ಕೆಲವು ವರ್ಷಗಳ ಹಿಂದೆ ಪಠ್ಯದಲ್ಲಿ ಹೊಸದೊಂದು ಪಾಠ ಬಂತು: ವಿದೇಶಿ ನೌಕಾನೆಲೆ ಬಂದು ಕೂತರೆ ಒಂದು ಬಂದರು ಊರು ಹೇಗೆ ಬದಲಾಗುತ್ತದೆ ಎಂಬುದು. ಉದಾಹರಣೆಗೆ ಕೊಟ್ಟದ್ದು ಬಹರೇನಿನ ಮನಾಮಾ. ಸಮುದ್ರವನ್ನೇ ಕಾಣದ ನಾನು, ಸಮುದ್ರವನ್ನೇ ಕಾಣದ ಇಪ್ಪತ್ತು ಹುಡುಗಿಯರಿಗೆ, ಅದನ್ನು ಓದಿ ಹೇಳಿದೆ. ಹಿಂದಿನ ಬೆಂಚಿನ ಇಬ್ಬರು ನಿದ್ದೆ ಹೋದರು. ಅವರನ್ನು ಬೈಯುವ ಮುಖ ನನಗಿರಲಿಲ್ಲ, ನನಗೂ ಆಕಳಿಕೆ ಬರುತ್ತಿತ್ತು.

ಅದೇ ಸಂಜೆ ಸುರಪುರದ ಬಜಾರಿನಲ್ಲಿ ಒಂದು ಕಡುನೀಲಿ ಜಂಪರ್ ಪೀಸು, ಅಂದರೆ ರವಿಕೆ ಬಟ್ಟೆ, ಹೊಲಿಯಲು ಕೊಡಲು ಹೋದೆ. ಅಲ್ಲಿನ ಟೇಲರ್ ಅರವತ್ತು ದಾಟಿದವರು, ಊರಿನವರೆಲ್ಲ ಚಾಚಾ ಎನ್ನುತ್ತಿದ್ದರು. ಮಾತಿಗೆ ಮಾತು ಬಂದು ಪಾಠದ ಸಂಕಟ ಹೇಳಿಕೊಂಡೆ. ಮನಾಮಾ ಎಂಬ ಹೆಸರು ಕೇಳಿದ್ದೇ ಅವರ ಕೈಲಿದ್ದ ಕತ್ತರಿ ನಿಂತಿತು.

"ಮನಾಮಾ ಅಂದ್ರ? ಅಲ್ಲಿ ಆ ನೇವಿಯವರ ಗೇಟಿನ ಮುಂದ ಇಪ್ಪತ್ತೆರಡು ವರ್ಷ ಹೊಲದೀನ್ರಿ ನಾನು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ ತೆಗೆದುಕೊಂಡು ನನ್ನ ಹೊಸ ಬಟ್ಟೆಯ ಮೇಲೆ ಗೀಚತೊಡಗಿದರು. ಇದು ಸಮುದ್ರ, ಇದು ಗೋಡೆ, ಇದು ಗೇಟು, ಇದು ನಮ್ಮ ಗಲ್ಲಿ. ಬೆನ್ನಿನ ಭಾಗ ಸಾಲದೆ ಬಂದರು ತೋಳಿನ ಬಟ್ಟೆಗೂ ಹಬ್ಬಿತು. ಆ ಬಟ್ಟೆಯನ್ನು ಹೊಲಿಸದೆ ಹಾಗೇ ಮಡಚಿಕೊಂಡು ಬಂದೆ. ಪ್ರಿನ್ಸಿಪಾಲರ ಒಪ್ಪಿಗೆ ಪಡೆದು ಮರುವಾರ ಚಾಚಾನನ್ನೇ ತರಗತಿಗೆ ಕರೆಸಿದೆ.

ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಕೊರಳಲ್ಲಿ ಅಳತೆಯ ಟೇಪು ಹಾಗೇ ಉಳಿದಿತ್ತು. ಮೊದಲು ನಾನು ತಂದ ಬಟ್ಟೆಯ ಮೇಲಿನ ಗೆರೆಗಳನ್ನು ಬೆರಳಿಟ್ಟು ತೋರಿಸುತ್ತ ತಡವರಿಸಿದರು. ಮಾತು ಗಲ್ಲಿಗೆ ಬಂದಿದ್ದೇ ಸಲೀಸಾಯಿತು. ಅಂಗಡಿಯ ಯಜಮಾನ ಒಬ್ಬ ಮುದುಕನಂತೆ. ಅವನ ಅಪ್ಪ ಸಮುದ್ರದಲ್ಲಿ ಮುಳುಗಿ ಮುತ್ತು ತೆಗೆಯುತ್ತಿದ್ದನಂತೆ. ಅಂಗಡಿ ನಿಂತ ಜಾಗದಲ್ಲಿ ಆಗ ನೀರಿತ್ತು, ದೋಣಿ ಕಟ್ಟುತ್ತಿದ್ದರು. ಆಮೇಲೆ ಸಮುದ್ರಕ್ಕೆ ಮಣ್ಣು ತುಂಬಿ ರಸ್ತೆ ಮಾಡಿದರು. ಮೊದಲು ಇಂಗ್ಲಿಷರ ಹಡಗುಗಳು ಬಂದವು. ಅವರು ಹೋದ ಮೇಲೆ ಅದೇ ಜಾಗಕ್ಕೆ ಅಮೆರಿಕದವರು ಬಂದರು. ಗೇಟಿನ ಮೇಲಿನ ಬಾವುಟ ಬದಲಾಯಿತು, ಹೊರಗೆ ಹೋಟೆಲು, ಲಾಂಡ್ರಿ, ದೊಡ್ಡ ದೊಡ್ಡ ಬಿಲ್ಡಿಂಗು ಎದ್ದವು. ಹಡಗು ಬಂದ ದಿನ ಗಲ್ಲಿಯಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲೋ ಯುದ್ಧದ ಸುದ್ದಿ ಬಂದು ನಾವಿಕರನ್ನು ಹೊರಗೆ ಬಿಡದ ದಿನ ಬರೀ ಬೆಕ್ಕುಗಳು.

"ಅವರಿಗಿ ಸೂಟಿ ಸಿಕ್ರ ನಮಗ ದುಡಿಮಿ, ಅವರಿಗಿ ದುಡಿಮಿ ಬಂದ್ರ ನಮಗ ಸೂಟಿ," ಅಂದರು. ರಜೆಗೆ ನಮ್ಮ ಕಡೆ ಸೂಟಿ ಎನ್ನುತ್ತಾರೆ. ನನ್ನ ಇಡೀ ಪಾಠ ಆ ಒಂದು ಸಾಲಿನಲ್ಲಿ ಮುಗಿದಿತ್ತು.

ಗೇಟಿನ ಒಳಗೆ ಹೋಗಿದ್ದಿರಾ ಎಂದು ಅಂದು ನಿದ್ದೆ ಹೋಗಿದ್ದ ಇಬ್ಬರಲ್ಲಿ ಒಬ್ಬಳೇ ಕೇಳಿದಳು. ಒಂದೇ ಸಲ ಹೋಗಿದ್ದರಂತೆ. ಯಾವುದೋ ಸಮಾರಂಭಕ್ಕೆ ಹೊರಟ ಅಧಿಕಾರಿಯೊಬ್ಬನ ಬಿಳಿ ಪ್ಯಾಂಟು ಹಿಂದಿನಿಂದ ಸೀಳಿತ್ತು. ಗೇಟಿನಲ್ಲಿ ಒಳಗೆ ಬಿಡುವ ಚೀಟಿ ಬರೆಸಿ, ಸೂಜಿ ದಾರದ ಸಮೇತ ಚಾಚಾನನ್ನು ಹಡಗಿಗೆ ಹತ್ತಿಸಿದರು. ಅಧಿಕಾರಿ ಟವೆಲ್ ಸುತ್ತಿಕೊಂಡು ಎದುರಿಗೆ ನಿಂತ.

"ಹಡಗು ದಂಡಿಗಿ ಕಟ್ಟಿತ್ತವ್ವಾ, ಆದ್ರ ನನ್ನ ತಲಿ ಬಿಚ್ಚಿತ್ತು," ಅಂದರು ಚಾಚಾ. "ಗರಗರ ತಿರಗಾಕತ್ತಿತು. ಆ ಗಡಿಬಿಡಿದಾಗ ಪ್ಯಾಂಟಿನ ಸಂಗಡ ನನ್ನ ಅಂಗಿ ತೋಳೂ ಹೊಲದುಬಿಟ್ಟೆ. ಸಾಹೇಬ ಪ್ಯಾಂಟು ಜಗ್ಗಿದ, ನಾನೂ ಹೋದೆ."

ತರಗತಿ ಬಿದ್ದು ಬಿದ್ದು ನಕ್ಕಿತು. ಪಕ್ಕದ ತರಗತಿಯ ಮೇಷ್ಟ್ರು ಬಾಗಿಲಲ್ಲಿ ಇಣುಕಿ, ವಿಷಯ ಕೇಳಿ, ತಾವೂ ಬಂದು ಕುಳಿತರು. ಆ ಹೊಲಿಗೆ ಬಿಚ್ಚಿ ಮತ್ತೆ ಹಾಕುವಾಗ ಅಧಿಕಾರಿಯೇ ನಗುತ್ತ ದಾರ ಕತ್ತರಿಸಿ ಕೊಟ್ಟನಂತೆ.

ಇಷ್ಟಾದ ಮೇಲೆ ಹುಡುಗಿಯರು ಬಿಡುತ್ತಾರೆಯೇ? ನಮಗೂ ತಲೆ ತಿರುಗಬೇಕು, ಹಡಗು ಎಲ್ಲಿದೆ ತೋರಿಸಿ ಎಂದು ಹಿಡಿದುಕೊಂಡರು. ಹಡಗು ಎಲ್ಲಿಂದ ತರಲಿ? ಮುಂದಿನ ಭಾನುವಾರ, ಬರಲು ಒಪ್ಪಿದ ಎಂಟು ಜನರನ್ನೂ ಚಾಚಾನನ್ನೂ ಕರೆದುಕೊಂಡು ನದಿ ದಂಡೆಯಲ್ಲಿ ಗುಡಿಯಿರುವ ತಿಂಥಣಿಗೆ ಹೋದೆ. ಮಳೆಗಾಲ ಕಳೆದು ಕೃಷ್ಣೆ ಶಾಂತವಾಗಿದ್ದಳು. ದಂಡೆಯಲ್ಲಿ ಹರಿಗೋಲು ಇಟ್ಟುಕೊಂಡ ಅಂಬಿಗನೊಬ್ಬ ಎರಡು ಸರತಿಯಲ್ಲಿ ಎಲ್ಲರನ್ನೂ ಒಯ್ಯುತ್ತೇನೆ, ಆಳದ ಕಡೆ ಹೋಗುವುದಿಲ್ಲ ಎಂದ.

ನೀರೆಂದರೆ ನನಗೆ ಚಿಕ್ಕಂದಿನಿಂದ ಹೆದರಿಕೆ. ದಂಡೆಯಲ್ಲೇ ಉಳಿಯುವ ಲೆಕ್ಕದಲ್ಲಿದ್ದೆ. ಆದರೆ ಚಾಚಾ ನನಗಿಂತ ಮೊದಲೇ ಮರಳಲ್ಲಿ ಕುಳಿತುಬಿಟ್ಟರು. "ನಾ ಬಂದರು ಆಗ್ತೀನ್ರಿ, ನೀವು ಹಡಗು ಆಗ್ರಿ," ಅಂದರು. ಹುಡುಗಿಯರು ನನ್ನ ಎರಡೂ ಕೈ ಹಿಡಿದು ಎಳೆದರು. ಸೀರೆ ನೆರಿಗೆ ಎತ್ತಿ ಕಾಲಿಟ್ಟೆ. ಹರಿಗೋಲಿನ ಬುಡ ಜೋಲಿ ಹೊಡೆಯಿತು. ಕೂತೆನೋ ಬಿದ್ದೆನೋ ತಿಳಿಯಲಿಲ್ಲ.

ಅಂಬಿಗ ಒಂದಿಷ್ಟು ದೂರ ಹೋಗಿ ಹುಟ್ಟನ್ನು ಒಂದೇ ಕಡೆ ಎಳೆದ. ಹರಿಗೋಲು ಬುಗುರಿಯಂತೆ ತಿರುಗಿತು. ಗುಡಿ, ಬಂಡೆ, ಚಾಚಾ, ಆಚೆ ದಂಡೆಯ ಜಾಲಿ, ಮತ್ತೆ ಗುಡಿ. ನಾನು ಕಿರುಚಬೇಕೆಂದು ಬಾಯಿ ತೆರೆದೆ, ಬಂದದ್ದು ನಗು. ನಿಲ್ಲಲೇ ಇಲ್ಲ. ಕಣ್ಣೀರು ಬಂತು, ಪಕ್ಕೆ ನೋಯಿತು. ನಲವತ್ತಾರರ ಹೆಂಗಸು, ಹಾಜರಿ ಕೂಗುವ ಬಾಯಿ, ಇನ್ನೊಂದು ಸುತ್ತು ಇನ್ನೊಂದು ಸುತ್ತು ಎಂದು ಕೂಗುತ್ತಿತ್ತು. ಯಾವಾಗ ಎದ್ದು ನಿಂತೆನೋ ನೆನಪಿಲ್ಲ.

"ಅಕ್ಕೋರೆ, ಕುಂತು ನಗ್ರಿ. ನಿಂತು ನಗಬ್ಯಾಡ್ರಿ," ಅಂದ ಅಂಬಿಗ, ಗಂಭೀರವಾಗಿ.

ದಂಡೆಗಿಳಿದ ಮೇಲೂ ಮರಳು ತಿರುಗುತ್ತಲೇ ಇತ್ತು. ಎರಡನೇ ಸರತಿಯವರು ಹೋಗಿ ಬರುವವರೆಗೂ ನಾನು ಕಣ್ಣು ಮುಚ್ಚಿ ಮಲಗಿದ್ದೆ. ಚಾಚಾ ನಿಂಬೆಹಣ್ಣು ಹೆಚ್ಚಿ ಉಪ್ಪು ಹಚ್ಚಿ ಕೊಟ್ಟರು. ಮುಂದೊಂದು ದಿನ ಆ ನೇವಿಯವರು ಎದ್ದು ಹೋದರೆ ಆ ಗಲ್ಲಿಯ ಗತಿಯೇನು ಎಂದು ಒಬ್ಬ ಹುಡುಗಿ ನನ್ನನ್ನು ಕೇಳಿದಳು. ನಾನು ಚಾಚಾನ ಕಡೆ ಕೈ ತೋರಿಸಿದೆ. ಅವರು ಇಪ್ಪತ್ತೆರಡು ವರ್ಷ ತಾವೂ ಅದನ್ನೇ ಯೋಚಿಸಿದ್ದಾಗಿ ಹೇಳಿದರು. ಆಮೇಲೆ ಆ ಹುಡುಗಿ, ಅವಳ ಗೆಳತಿ, ಚಾಚಾ ಮೂವರೂ ಮರಳಲ್ಲಿ ಕುಳಿತು ಬೆರಳಿನಿಂದ ಏನೇನೋ ಗೆರೆ ಎಳೆಯುತ್ತ ಗೇಟಿಲ್ಲದ ಊರು ಹೇಗಿದ್ದೀತು ಎಂದು ವಾದಿಸತೊಡಗಿದರು.

ನಾನು ಎದ್ದು ಅವರ ಕಡೆ ಹೋಗಲು ಹೆಜ್ಜೆ ಹಾಕಿದೆ. ಕಾಲು ನೇರ ಹೋಗಲಿಲ್ಲ, ಸೊಟ್ಟಗೆ ಹೋಗಿ ಅಂಬಿಗನ ಬುತ್ತಿ ಗಂಟಿನ ಪಕ್ಕ ಕುಳಿತುಬಿಟ್ಟೆ. ಅವನು ಅರ್ಧ ರೊಟ್ಟಿ ಮುರಿದು ಕೈಗಿಟ್ಟ. ತಿಂದೆ.