ಮೊಮ್ಮಗಳಿಗಾಗಿ ತೊಳೆದ ಅಂಗಳ

ನಾನು ಎರಡನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು. ಬರೆಯುವುದು ನನ್ನ ಕೆಲಸವಲ್ಲ. ಆದರೆ ಮೊಮ್ಮಗಳ ಸಂಗತಿ ಬಂದರೆ ಸುಮ್ಮನಿರಲು ನನ್ನಿಂದ ಆಗದು. ಮಗಳಿಗೆ ಮದುವೆಯಾಗಿ ಬಹಳ ವರ್ಷಗಳ ಮೇಲೆ ಹುಟ್ಟಿದ ಕೂಸು. ಬಾಯಲ್ಲಿ ಎರಡೇ ಹಲ್ಲು. ಆ ಎರಡನ್ನು ತೋರಿಸಿ ನಕ್ಕರೆ ನನಗೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಗೊತ್ತಾಗುವುದಿಲ್ಲ.

ಮುಂಗಾರಿನ ಶುರುವಿನಲ್ಲಿ ಮಗಳು ಅದನ್ನು ಎತ್ತಿಕೊಂಡು ಬಂದಿದ್ದಳು. ಅಥಣಿ ಕಡೆಯ ನಮ್ಮ ಮನೆಯ ಅಂಗಳಕ್ಕೆ ಫರಸಿ ಕಲ್ಲು ಹಾಸಿದೆ. ಎಮ್ಮೆಗಳ ಮೈ ತೊಳೆಯುವುದೂ ಅಲ್ಲೇ, ಹಾಗಾಗಿ ಹಸಿ ಆರುವುದಿಲ್ಲ, ಹಸಿರು ಪಾಚಿ ಕಟ್ಟುತ್ತದೆ. ಮಗಳು ಜಾರಿಬಿದ್ದಳು. ಅವಳ ಮೊಣಕೈ ಒಡೆಯಿತು, ಕೂಸಿಗೆ ಏನೂ ಆಗಲಿಲ್ಲ. ಜೊತೆಗೆ ಬಂದಿದ್ದ ಬೀಗತಿ ಕೂಸನ್ನು ಕಸಿದುಕೊಂಡು ಹೇಳಿಬಿಟ್ಟಳು:

"ಈ ಅಂಗಳ ನೆಟ್ಟಗ ಆಗೂತನಾ ನನ್ನ ಮೊಮ್ಮಗಳನ್ನ ಇಲ್ಲಿ ಬಿಡೂದಿಲ್ರಿ ಬೀಗತ್ಯಾರ. ಪಂಚಮಿಗೂ ಇಲ್ಲ."

ಆ ಕೂಸಿಗೆ ಅದು ಮೊದಲ ಪಂಚಮಿ. ತವರಿಗೆ ಬಾರದ ಪಂಚಮಿ ಎಂಥದು? ಬ್ಲೀಚಿಂಗ್ ಪುಡಿ ಹಾಕಿದೆ, ತೆಂಗಿನ ನಾರು ಹಾಕಿ ತಿಕ್ಕಿದೆ. ನಾಲ್ಕು ಹನಿ ಬಿದ್ದರೆ ಮತ್ತೆ ಹಸಿರು. ಕೊನೆಗೆ ಮಗನನ್ನು ಎಬ್ಬಿಸಿಕೊಂಡು ಚಿಕ್ಕೋಡಿಗೆ ಹೋದೆ, ಜೋರಾಗಿ ನೀರು ಹೊಡೆಯುವ ಮಷೀನು ತರಲು.

ಅಂಗಡಿಯವನು ಕೇಳಿದ, "ಏನ್ ತೊಳ್ಯಾಕ ಬೇಕ್ರಿ ಆಯೀ? ಟ್ರ್ಯಾಕ್ಟರೋ, ಎಮ್ಮಿಯೋ?"

"ಮೊಮ್ಮಗಳ ಸಲುವಾಗಿ."

"ಅಯ್ಯ, ಮೊಮ್ಮಗಳನ್ನ ತೊಳ್ಯಾಕ ತಂಬಗಿ ಸಾಕಲ್ರಿ!"

ನಾನೂ ನಕ್ಕೆ. ನನ್ನ ಮಗನ ಕಣ್ಣು ಮಾತ್ರ ಪೆಟ್ರೋಲಿನ ದೊಡ್ಡ ಮಷೀನಿನ ಮೇಲೇ ನೆಟ್ಟಿತ್ತು. ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೊಡೆದು ತೋರಿಸು ಎಂದೆ. ನೀರು ಸೂಜಿಯ ಹಾಗೆ ಬಂದು ಕಲ್ಲಿನ ಸಂದಿಯ ಸಿಮೆಂಟನ್ನೇ ಕಿತ್ತು ಹಾರಿಸಿತು.

"ಲೇ, ಪಾಚಿ ತಗಿ ಅಂದ್ರ ಇದು ಅಂಗಳಾನ ತಗೀತೈತಿ," ಎಂದೆ.

ಸಣ್ಣದು ಮೋಟರ್‌ಸೈಕಲ್ಲಿಗೆ ಸರಿ, ಪಾಚಿಯ ಮೈ ಸವರಿ ಸುಮ್ಮನಾಯಿತು. ನಡುವಿನದು ಕರೆಂಟಿನದು. ಅದರ ಮೂತಿ ಬದಲಿಸಿದರೆ ನೀರು ಬೀಸಣಿಗೆಯ ಹಾಗೆ ಅಗಲವಾಗಿ ಬೀಳುತ್ತದೆ. ಪಾಚಿ ಹೋಯಿತು, ಸಿಮೆಂಟು ಉಳಿಯಿತು. ನಾನೇ ಹಿಡಿದು ಒತ್ತಿ ನೋಡಿದೆ, ನನ್ನ ಕೈಗೂ ಬಗ್ಗುವಂತಿತ್ತು. ಅದನ್ನೇ ಕಟ್ಟಿಸಿದೆ. ಅಂಗಡಿಯವನು ಒಂದು ಮಾತು ಹೇಳಿ ಕಳಿಸಿದ: "ನಳದ ನೀರ ಸಣ್ಣ ಬರತಿದ್ರ ಬ್ಯಾರಲ್ ತುಂಬಿಸಿ ಅದರಾಗಿಂದ ಎಳೀರಿ. ನೀರ ಅಷ್ಟ ಸ್ವಚ್ಛ ಇರ್ಲಿ."

ಆ ದಿನದ ಖುಷಿ ಏನು ಹೇಳಲಿ! ಹಸಿರೆಲ್ಲ ಗಟಾರಕ್ಕೆ ಹರಿಯಿತು, ಫರಸಿಯ ನೀಲಿ ಬಣ್ಣ ಮೇಲೆದ್ದಿತು. ಅದು ಆರಿದ ಮೇಲೆ ನಾನೇ ಮಂಡಿಯೂರಿ, ಕೂಸಿನ ಹಾಗೆ ಅಂಬೆಗಾಲಿನಲ್ಲಿ ಅಂಗಳವೆಲ್ಲ ಹರಿದಾಡಿದೆ. ಎಲ್ಲೂ ಜಾರಲಿಲ್ಲ. ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವ್ವಾ, ನಿನಗೂ ತೊಟ್ಟಲಾ ಕಟ್ಟಲ್ಯಾ?" ಮಗಳ ಫೋನು ಬಂತು: "ಅತ್ತಿ ಒಪ್ಯಾರ ಯವ್ವಾ. ಹಬ್ಬ ಮುಗಿಯೂತನಾ ಇರ್ತೀವಿ."

ಪಂಚಮಿಯ ಬೆಳಿಗ್ಗೆ ನಾನು ಒಳಗೆ ಶೇಂಗಾ ಉಂಡಿ ಕಟ್ಟುತ್ತಿದ್ದೆ. ತಂಗಿ ಬರುತ್ತಾಳೆಂದು ಮಗ ಇನ್ನೊಮ್ಮೆ ಅಂಗಳ ತೊಳೆದ. ನಳ ಬಂದಿರಲಿಲ್ಲ, ಮನೆಯ ಬ್ಯಾರಲ್ಲು ಬರಿದಾಗಿತ್ತು. ದ್ರಾಕ್ಷಿ ತೋಟದ ನೀಲಿ ಬ್ಯಾರಲ್ಲನ್ನು ತಂದು, ಒಂದು ಬಾರಿ ನೀರು ಕುಲುಕಿ ಚೆಲ್ಲಿ, ಬೋರಿನ ನೀರು ತುಂಬಿ ಪೈಪು ಇಳಿಬಿಟ್ಟಿದ್ದ. ದ್ರಾಕ್ಷಿಗೆ ಹೊಡೆಯುವ ಔಷಧ ಕಲಸುವುದು ಅದರಲ್ಲೇ. ವರ್ಷವಿಡೀ ಅದರ ನಡುವೆಯೇ ಬದುಕುವ ನಮ್ಮ ಮೂಗಿಗೆ ಅದು ವಾಸನೆಯೇ ಅಲ್ಲ.

ಮಗಳ ಗಂಡನ ಊರು ಕೊಗನೊಳ್ಳಿಯಿಂದ ಗಾಡಿ ಬಂತು. ಬೀಗತಿ ಬಾಗಿಲು ತೆಗೆದು ಒಂದು ಕಾಲು ಕೆಳಗಿಟ್ಟು ಅಲ್ಲೇ ನಿಂತಳು.

"ಅಂಗಳಕ್ಕ ಏನ್ ಹೊಡದೀರಿ ಬೀಗತ್ಯಾರ?"

"ನೀರ್ರಿ!" ಎಂದೆ ನಾನು, ಎದೆಯುಬ್ಬಿಸಿ.

"ನಮ್ಮ ಮನ್ಯಾಗೂ ತಂಬಾಕಿಗೆ ಔಷಧ ಹೊಡೀತಾರ್ರಿ. ಈ ವಾಸನಿ ನನಗ ತಿಳಿಯೂದಿಲ್ಲೇನ್ರಿ? ಕೂಸು ನೆಲಕ್ಕ ಕೈ ಊರತೈತಿ, ಅದ ಕೈ ಬಾಯಾಗ ಇಡತೈತಿ."

ನಾನು ತಿರುಗಿದಾಗ ಬ್ಯಾರಲ್ಲು ಕಂಡಿತು. ಮಗ "ತೊಳದಿದ್ನೆವ್ವಾ..." ಎಂದು ತೊದಲಿದ. ಬೀಗತಿ ಸುಳ್ಳು ಹೇಳಿದ್ದರೆ ಜಗಳ ತೆಗೆದು ಊರು ಕೂಡಿಸುತ್ತಿದ್ದೆ. ಅವಳ ಮಾತು ಖರೆ ಇತ್ತು. ಖರೆ ಮಾತಿಗೆ ಏನೆಂದು ಜಗಳವಾಡಲಿ? ಮಗಳು ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ತನ್ನ ತವರಿನ ಅಂಗಳಕ್ಕೆ ಅವಳೂ ಇಳಿಯಲಿಲ್ಲ.

ಕೂಸು ಇಳಿಯುವ ಹಾಗಿಲ್ಲವಾದ್ದರಿಂದ ನಾನೇ ಗಾಡಿ ಹತ್ತಿದೆ. ಮಗ ತಂದುಕೊಟ್ಟ ಚಹಾ ಅವರು ಗಾಡಿಯಲ್ಲೇ ಕುಡಿಯುವ ತನಕ ಹಿಂದಿನ ಸೀಟಿನಲ್ಲಿ ಮೊಮ್ಮಗಳು ನನ್ನ ತೊಡೆಯ ಮೇಲಿದ್ದಳು. ಸೆರಗು ಎಳೆದು ಮುಖ ಮುಚ್ಚಿಕೊಳ್ಳುತ್ತಿದ್ದಳು, ತೆಗೆದು ಕಿಲಕಿಲ ನಗುತ್ತಿದ್ದಳು. ನಾನೂ ನಕ್ಕೆ, ಮೈಯೆಲ್ಲ ಅರಳಿ ನಕ್ಕೆ. ಆ ಗಳಿಗೆಯಲ್ಲೂ ನಗು ಬಂತು ನೋಡಿ.

"ಹೊಂಡ್ತೀವ್ರಿ," ಎಂದು ಬೀಗತಿ ಕೂಸಿಗೆ ಕೈ ಚಾಚಿದಳು.

ಗಾಡಿ ತಿರುವು ದಾಟುವ ಮೊದಲೇ ಮಗ ಬ್ಯಾರಲ್ಲು ಉರುಳಿಸಿ, ಒಳಗಿಂದ ಕುಡಿಯುವ ನೀರಿನ ಕೊಡ ತಂದು ಮಷೀನು ಶುರು ಮಾಡಿದ.

"ಬಂದ್ ಮಾಡ್ಲೇ," ಎಂದೆ. "ಇನ್ನ ಯಾರ ಸಲುವಾಗಿ?"

ಅವನು ಬಂದ್ ಮಾಡಲಿಲ್ಲ. ನಾನು ಒಳಗೆ ಹೋಗಿ ಉಂಡಿಯ ಪರಾತಕ್ಕೆ ಬಟ್ಟೆ ಮುಚ್ಚಿದೆ.